ಬಚ್ಚಲುಮನೆಗೆ ಬರುವ ಉದ್ದ ಕಾಲಿನ ಅತಿಥಿ

ಮುಂಗಾರಿನ ಮಳೆ ನಾಲ್ಕು ದಿನ ಹಿಡಿದು ಸುರಿದಿದೆ ಎಂದಿಟ್ಟುಕೊಳ್ಳಿ. ಸಂಜೆ ದೀಪ ಹಾಕಿ ಬಚ್ಚಲುಮನೆಯ ಬಾಗಿಲು ತೆರೆದರೆ, ಗೋಡೆಯ ಮೇಲೆ ಕೂದಲೆಳೆಯಂಥ ಆರು ಕಾಲು ಚಾಚಿಕೊಂಡು ಒಂದು ಹುಳ ಕೂತಿರುತ್ತದೆ. ನೋಡಲು ಸೊಳ್ಳೆಯ ಹಾಗೇ, ಗಾತ್ರ ಮಾತ್ರ ಸೊಳ್ಳೆಯ ನಾಲ್ಕೈದು ಪಟ್ಟು! ಸ್ನಾನಕ್ಕೆ ಹೋದ ಮಕ್ಕಳು ಕಿರುಚಿಕೊಂಡು ಹೊರಗೆ ಓಡಿ ಬರುತ್ತವೆ. ಯಜಮಾನರು ಚಪ್ಪಲಿ ಹುಡುಕುತ್ತಾರೆ, ಅತ್ತೆಯವರು ಪೊರಕೆ ಎತ್ತಿ ಕೊಡುತ್ತಾರೆ. ಎಳ್ಳುಕಾಳಿನಷ್ಟು ಸೊಳ್ಳೆ ಕಚ್ಚಿದರೇ ಹಾಸಿಗೆ ಹಿಡಿಯುವ ಜ್ವರ ಬರೋದಾದರೆ, ಇಷ್ಟು ದೊಡ್ಡದು ಕಚ್ಚಿದರೆ ಏನು ಗತಿ ಅಂತ ಎಲ್ಲರಿಗೂ ದಿಗಿಲು.

ಸೋದರಿಯರೇ, ದಿಗಿಲು ಬೇಡ. ಅದು ಸೊಳ್ಳೆಯೇ ಅಲ್ಲ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ, ರಕ್ತ ಹೀರುವುದಿಲ್ಲ, ರೋಗ ಹರಡುವುದಿಲ್ಲ. ಕಚ್ಚಬೇಕೆಂದರೂ ಅದಕ್ಕೆ ತಕ್ಕ ಬಾಯಿಯೇ ಇಲ್ಲ.

ಇಂಗ್ಲಿಷಿನಲ್ಲಿ ಇದನ್ನು ಕ್ರೇನ್ ಫ್ಲೈ ಎನ್ನುತ್ತಾರೆ. ಕೊಕ್ಕರೆ ಜಾತಿಯ ಹಕ್ಕಿಯ ಹಾಗೆ ಉದ್ದ ಕಾಲು ಇರುವುದರಿಂದ ಆ ಹೆಸರು. ಇಂಗ್ಲೆಂಡಿನ ಮಕ್ಕಳು ಮುದ್ದಿನಿಂದ 'ಡ್ಯಾಡಿ ಲಾಂಗ್‌ಲೆಗ್ಸ್' ಅಂತ ಕರೆಯುತ್ತಾರಂತೆ. ನಮ್ಮ ದಾವಣಗೆರೆ ಕಡೆ ಇದಕ್ಕೆ ಬೇರೆ ಹೆಸರು ಕೇಳಿಲ್ಲ, ಎಲ್ಲರೂ 'ದೊಡ್ಡ ಸೊಳ್ಳೆ' ಅಂತಲೇ ಅನ್ನೋದು. ಅದೇ ತೊಂದರೆಯ ಮೂಲ. ಹೆಸರಿನಲ್ಲೇ ಸೊಳ್ಳೆ ಅಂತ ಬಂದ ಮೇಲೆ ಯಾರು ತಾನೇ ಸುಮ್ಮನೆ ಬಿಡುತ್ತಾರೆ? ನಾನು ಈ ಲೇಖನದಲ್ಲಿ ಕೊಕ್ಕರೆ ನೊಣ ಅಂತ ಕರೆಯುತ್ತೇನೆ. ನಿಮ್ಮ ಊರಲ್ಲಿ ಬೇರೆ ಒಳ್ಳೆಯ ಹೆಸರಿದ್ದರೆ ಅದನ್ನೇ ಇಟ್ಟುಕೊಳ್ಳಿ.

ಗುರುತು ಹಿಡಿಯುವುದು ಹೇಗೆ?

ಮುಂದಿನ ಸಲ ಕಂಡಾಗ ಪೊರಕೆ ಕೆಳಗಿಟ್ಟು, ಒಂದು ಮೊಳ ದೂರದಲ್ಲಿ ನಿಂತು ನೋಡಿ. ಅದು ನಿಮ್ಮ ಮೇಲೆ ಎರಗಿ ಬರುವುದಿಲ್ಲ. ಮೈ ಸಪೂರ, ಊದುಬತ್ತಿಯ ಕಡ್ಡಿಯ ಹಾಗೆ. ನಮ್ಮ ಮನೆಗಳಿಗೆ ಬರುವವು ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ಉದ್ದ ಇರುತ್ತವೆ. ಬಣ್ಣ ಮಣ್ಣಿನದು, ಇಲ್ಲವೇ ಒಣಹುಲ್ಲಿನದು. ರೆಕ್ಕೆ ಎರಡೇ. ಹೆಚ್ಚಿನವು ಕೂತಾಗ ರೆಕ್ಕೆಗಳನ್ನು ಎರಡೂ ಕಡೆಗೆ ಚಾಚಿ ಇಟ್ಟಿರುತ್ತವೆ. ಸೊಳ್ಳೆ ಹಾಗಲ್ಲ, ಕತ್ತರಿ ಮುಚ್ಚಿದ ಹಾಗೆ ಬೆನ್ನಿನ ಮೇಲೆ ಮಡಿಸಿಕೊಳ್ಳುತ್ತದೆ. ದೂರದಿಂದಲೇ ಕಾಣುವ ಗುರುತು ಇದು.

ರೆಕ್ಕೆಯ ಬುಡದಲ್ಲಿ ಕಣ್ಣಿಟ್ಟು ನೋಡಿದರೆ ಗುಂಡುಪಿನ್ನಿನಂಥ ಎರಡು ಪುಟ್ಟ ಕಡ್ಡಿಗಳು ಕಾಣುತ್ತವೆ. ನೊಣ, ಸೊಳ್ಳೆ ಎಲ್ಲಕ್ಕೂ ಇವು ಉಂಟು, ಆದರೆ ಬರಿಗಣ್ಣಿಗೆ ಚೆನ್ನಾಗಿ ಕಾಣುವುದು ಈ ಕೊಕ್ಕರೆ ನೊಣದಲ್ಲೇ. ಬೇರೆ ಕೀಟಗಳಿಗೆ ಹಿಂದಿನ ಜೊತೆ ರೆಕ್ಕೆ ಇರುವ ಜಾಗದಲ್ಲಿ ಇದಕ್ಕೆ ಈ ಗುಂಡುಕಡ್ಡಿಗಳು. ಹಾರುವಾಗ ಇವು ಬಡಿದಾಡುತ್ತಾ ಮೈಯ ತೂಕ ತಪ್ಪದಂತೆ ನೋಡಿಕೊಳ್ಳುತ್ತವೆ. ಇಷ್ಟಿದ್ದೂ ಇದರ ಹಾರಾಟ ಮಾತ್ರ ದೇವರಿಗೇ ಪ್ರೀತಿ! ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಬಲ್ಬಿಗೆ ಮುತ್ತಿಕ್ಕುತ್ತದೆ, ಕಡೆಗೆ ಸಾರಿನ ಪಾತ್ರೆಗೇ ಬೀಳುತ್ತದೆ.

ಬೆನ್ನಿನ ಮೇಲೆ, ರೆಕ್ಕೆಗಳ ನಡುವೆ, ಇಂಗ್ಲಿಷಿನ 'ವಿ' ಅಕ್ಷರ ಬರೆದ ಹಾಗೆ ಒಂದು ಗೆರೆ ಇರುತ್ತದೆ. ಪಂಡಿತರು ಈ ಕುಲವನ್ನು ಗುರುತಿಸುವುದು ಆ ಗೆರೆಯಿಂದ. ನಿಮ್ಮ ಮಗಳ ಹತ್ತಿರ ಶಾಲೆಯ ಭೂತಗನ್ನಡಿ ಇದ್ದರೆ ತೋರಿಸಿ, ಭಯ ಹೋಗಿ ಕುತೂಹಲ ಬರುತ್ತದೆ.

ಇನ್ನು ಕಾಲು. ಮುಟ್ಟಿದರೆ ಸಾಕು, ಕಳಚಿ ಕೈಗೆ ಬರುತ್ತದೆ. "ಅಯ್ಯೋ ಪಾಪ, ಮುರಿದೇಬಿಟ್ಟೆ" ಅಂತ ನಮಗೆ ಅನ್ನಿಸಿದರೂ ಅದು ಅದರ ಉಪಾಯ. ಹಲ್ಲಿ ಬಾಲ ಬಿಟ್ಟು ಓಡಿಹೋಗುವುದಿಲ್ಲವೇ, ಹಾಗೆಯೇ ಇದು ಹಕ್ಕಿಯ ಕೊಕ್ಕಿನಲ್ಲೋ ಜೇಡನ ಬಲೆಯಲ್ಲೋ ಕಾಲು ಬಿಟ್ಟು ಜೀವ ಉಳಿಸಿಕೊಳ್ಳುತ್ತದೆ. ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ, ಇದಕ್ಕೆ ಕಾಲು ಮತ್ತೆ ಬರುವುದಿಲ್ಲ. ನಾಲ್ಕೇ ಕಾಲಲ್ಲಿ ಓಡಾಡುವ ಕೊಕ್ಕರೆ ನೊಣ ನಮ್ಮ ಬಚ್ಚಲಲ್ಲಿ ಎಷ್ಟೋ ಸಲ ಕಂಡಿದೆ.

ಹಿಂಬದಿಯ ಸೂಜಿ

ಎಲ್ಲರೂ ಹೆದರುವುದು ಇದಕ್ಕೆ. ಕೆಲವಕ್ಕೆ ಹೊಟ್ಟೆಯ ತುದಿ ಸೂಜಿಯ ಹಾಗೆ ಚೂಪಾಗಿರುತ್ತದೆ. ಕಣಜದ ಮುಳ್ಳಿನ ಥರ ಇದೂ ಚುಚ್ಚುತ್ತದೆ ಅಂತ ಭಾವಿಸುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬಾಕೆ ಕೂಸಿನ ತೊಟ್ಟಿಲಿನ ಹತ್ತಿರ ಇದನ್ನು ಕಂಡು ರಾತ್ರಿಯೆಲ್ಲಾ ನಿದ್ದೆಗೆಟ್ಟು ಕೂತಿದ್ದರು. ಸೂಜಿ ಇರುವುದು ಹೆಣ್ಣಿಗೆ ಮಾತ್ರ, ಅದರಲ್ಲಿ ವಿಷವಿಲ್ಲ. ಒದ್ದೆ ಮಣ್ಣಿನಲ್ಲಿ ಊರಿ ಮೊಟ್ಟೆ ಇಡುವ ಕೊಳವೆ ಅದು. ನಾವು ಮೆಣಸಿನ ಸಸಿ ನೆಡುವಾಗ ಬೆರಳಿನಿಂದ ಕುಳಿ ಮಾಡುತ್ತೇವಲ್ಲ, ಅಂಥ ಕೆಲಸಕ್ಕೆ. ಗಂಡಿನ ಹೊಟ್ಟೆಯ ತುದಿ ಮೊಂಡಾಗಿ, ಸ್ವಲ್ಪ ಉಬ್ಬಿಕೊಂಡಿರುತ್ತದೆ. ಇಷ್ಟು ಗೊತ್ತಾದರೆ ಗಂಡು ಯಾವುದು ಹೆಣ್ಣು ಯಾವುದು ಅಂತ ನೀವೇ ಹೇಳಬಹುದು. ಕೂಸಿನ ಹತ್ತಿರ ಕಂಡರೂ ಭಯವಿಲ್ಲ. ಸೊಳ್ಳೆ ಪರದೆಯನ್ನಂತೂ ಹೇಗೂ ಕಟ್ಟಿರಬೇಕು, ಅದು ಬೇರೆ ಮಾತು.

ಹಾಗಾದರೆ ತಿನ್ನುವುದೇನು?

ಬೆಳೆದು ರೆಕ್ಕೆ ಬಂದ ಮೇಲೆ ಹೆಚ್ಚೇನೂ ಇಲ್ಲ. ಕೆಲವು ಜಾತಿಗಳು ಹೂವಿನ ಮಕರಂದ ಮುಟ್ಟುತ್ತವೆ, ಕೆಲವು ಇಬ್ಬನಿ ಹೀರುತ್ತವೆ, ಕೆಲವು ಉಪವಾಸವೇ. ಆಯಸ್ಸೂ ಅಷ್ಟೇ, ಕೆಲವು ದಿನದಿಂದ ಎರಡು ವಾರದ ಒಳಗೆ. ಜೊತೆ ಹುಡುಕಬೇಕು, ಮೊಟ್ಟೆ ಇಡಬೇಕು, ಮುಗಿಯಿತು. ಉಂಡು ತೇಗಿದ್ದೆಲ್ಲಾ ಎಳವೆಯಲ್ಲಿ, ಮರಿಹುಳವಾಗಿ ಮಣ್ಣಿನಲ್ಲಿದ್ದಾಗ. ತವರಿನಲ್ಲಿ ತಿಂದದ್ದರ ಮೇಲೇ ಉಳಿದ ಆಯಸ್ಸು ಕಳೆಯುವುದು ಎನ್ನಿ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡಬೇಕು. ಅಮೆರಿಕದ ಕೆಲವು ಕಡೆ ಇದನ್ನು 'ಸೊಳ್ಳೆ ಗಿಡುಗ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಇದು ಸೊಳ್ಳೆಗಳನ್ನು ಹಿಡಿದು ತಿನ್ನುತ್ತದೆ ಎಂಬ ನಂಬಿಕೆ ಅಲ್ಲಿ. ಅದೂ ಸುಳ್ಳು. ರಕ್ತ ಹೀರಲಾರದ ಬಾಯಿ ಸೊಳ್ಳೆಯನ್ನು ತಾನೇ ಹೇಗೆ ಜಗಿದೀತು? ಆದ್ದರಿಂದ "ಇರಲಿ ಬಿಡಿ, ಸೊಳ್ಳೆ ತಿನ್ನುತ್ತದೆ" ಅಂತ ಮನೆಯಲ್ಲಿ ಸಾಕಿಕೊಳ್ಳುವುದೂ ಬೇಡ.

ಸೊಳ್ಳೆಯನ್ನು ತಿನ್ನುವ ದೊಡ್ಡ ಸೊಳ್ಳೆ ಬೇರೆಯೇ ಉಂಟು, ಆನೆ ಸೊಳ್ಳೆ ಅಂತ. ಟಾಕ್ಸೊರಿಂಕೈಟಿಸ್ ಎಂದು ಅದರ ಶಾಸ್ತ್ರೀಯ ಹೆಸರು, ನಮ್ಮ ದೇಶದಲ್ಲೂ ಇದೆ. ಅದು ನಿಜವಾದ ಸೊಳ್ಳೆ ಕುಲದ್ದೇ, ಮೈ ಲೋಹದಂತೆ ಮಿರಿಮಿರಿ ಮಿಂಚುತ್ತದೆ, ಮೂತಿ ಆನೆಯ ಸೊಂಡಿಲಿನಂತೆ ಕೆಳಕ್ಕೆ ಬಾಗಿರುತ್ತದೆ. ಅದರ ಮರಿಗಳು ಮರದ ಪೊಟರೆಯ ನೀರಿನಲ್ಲಿ ಬೇರೆ ಸೊಳ್ಳೆಗಳ ಮರಿಗಳನ್ನು ಗುಳುಂ ಮಾಡುತ್ತವೆ. ಬೆಳೆದ ಮೇಲೆ ಹೆಣ್ಣು ಕೂಡ ರಕ್ತ ಮುಟ್ಟುವುದಿಲ್ಲ. ಅಂತೂ ಗಾತ್ರ ದೊಡ್ಡದಾದಷ್ಟೂ ಅಪಾಯ ಹೆಚ್ಚು ಎಂಬ ನಮ್ಮ ಲೆಕ್ಕ ಇಲ್ಲಿ ತಲೆಕೆಳಗು.

ಪತ್ರಿಕೆಗಳವರೂ ಮೋಸ ಹೋಗುತ್ತಾರೆ. 2018ರಲ್ಲಿ ಚೀನಾ ದೇಶದಿಂದ ಒಂದು ಸುದ್ದಿ ಬಂದಿತ್ತು. ರೆಕ್ಕೆ ಬಿಚ್ಚಿದರೆ 11.15 ಸೆಂಟಿಮೀಟರ್ ಅಗಲವಿರುವ, ಪ್ರಪಂಚದ ಅತಿ ದೊಡ್ಡ ಸೊಳ್ಳೆ ಸಿಕ್ಕಿದೆ ಅಂತ. ನಿಮ್ಮಲ್ಲೂ ಕೆಲವರು ಓದಿ ಹೌಹಾರಿರಬಹುದು. ಆ ಚಿತ್ರದಲ್ಲಿದ್ದದ್ದು ಸೊಳ್ಳೆಯಲ್ಲ, ಹೊಲೊರೂಸಿಯಾ ಮಿಕಾಡೊ ಎಂಬ ಜಾತಿಯ ಕೊಕ್ಕರೆ ನೊಣ!

ಎಲ್ಲಿಂದ ಬರುತ್ತದೆ?

ನಮ್ಮ ನಿಟ್ಟುವಳ್ಳಿಯ ಮನೆಗಳನ್ನೇ ತೆಗೆದುಕೊಳ್ಳಿ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ನೀರು ಹೋಗುವ ಕಡೆ ನಾಲ್ಕು ಬಾಳೆ ಗಿಡ, ಒಂದು ಕೆಸುವಿನ ಮಡಿ, ಮೂಲೆಯಲ್ಲಿ ಕೊಳೆಯುತ್ತಿರುವ ತರಗೆಲೆ. ಕೊಕ್ಕರೆ ನೊಣಕ್ಕೆ ಇದಕ್ಕಿಂತ ಬೇರೆ ಸ್ವರ್ಗ ಬೇಕಿಲ್ಲ. ಒದ್ದೆ ಮಣ್ಣು, ಕೊಳೆತ ಎಲೆ, ಪಾಚಿ ಕಟ್ಟಿದ ಗೋಡೆಯ ಬುಡ, ಕಾಲುವೆಯ ಅಂಚು, ಹಳ್ಳದ ಕಲ್ಲಿನ ಸಂದಿ, ಇವೇ ಅದರ ಮನೆ. ದಾವಣಗೆರೆ, ಹರಿಹರದ ಸುತ್ತ ಭದ್ರಾ ನಾಲೆಯ ನೀರು ಹರಿದು ಭತ್ತದ ಗದ್ದೆಗಳಾದ ಮೇಲೆ ತೇವಕ್ಕೇನೂ ಬರವಿಲ್ಲ. ಕೊಂಡಜ್ಜಿಯ ಕೆರೆ ಕಡೆಗೆ ಮಕ್ಕಳನ್ನು ಕರೆದುಕೊಂಡು ಹೋದರೆ, ಮಳೆಗಾಲದಲ್ಲಿ ಮರದ ನೆರಳಿನ ಹುಲ್ಲಿನ ಮೇಲೆ ತೂಗಾಡುತ್ತಾ ಹಾರುವವನ್ನು ಹುಡುಕಿ ನೋಡಿ.

ಹೆಣ್ಣು ಒಂದು ಸಲಕ್ಕೆ ನೂರಾರು ಮೊಟ್ಟೆ ಇಡಬಲ್ಲದು. ಸಾಮಾನ್ಯವಾಗಿ ಕಪ್ಪು ಬಣ್ಣದ, ಸಣ್ಣ ಕಾಳಿನಂಥ ಮೊಟ್ಟೆಗಳು. ಒಡೆದು ಬರುವ ಮರಿಹುಳ ಬೂದು ಬಣ್ಣದ್ದು, ಕಾಲಿಲ್ಲ, ಚರ್ಮ ತೊಗಲಿನಂತೆ ಗಟ್ಟಿ. ಇಂಗ್ಲಿಷರು ಅದಕ್ಕೆ ತೊಗಲಂಗಿ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಉಸಿರಾಡುವ ರಂಧ್ರ ಹಿಂಬದಿಯಲ್ಲಿ, ಸುತ್ತ ಬೆರಳಿನಂಥ ಕುಚ್ಚುಗಳು. ಹೂವಿನ ಕುಂಡ ಬದಲಿಸುವಾಗ ಇಂಥದ್ದು ಸಿಕ್ಕರೆ, ಸಗಣಿ ಗೊಬ್ಬರದಲ್ಲಿ ಕಾಣುವ ಬಿಳಿ ಗೊಣ್ಣೆಹುಳು ಅಂತ ತಿಳಿಯಬೇಡಿ. ಗೊಣ್ಣೆಹುಳುವಿಗೆ ಕಂದು ತಲೆ, ಆರು ಕಾಲು, ಮೈ ಬಾಗಿ ಕೊಕ್ಕೆಯ ಹಾಗಿರುತ್ತದೆ.

ಈ ಮರಿಗಳ ಊಟ ನಮ್ಮ ಕಸ. ಹೆಚ್ಚಿನವು ಕೊಳೆತ ಎಲೆ, ಕೊಳೆತ ಮರ, ಪಾಚಿ ತಿಂದು ಪುಡಿ ಮಾಡಿ ಮಣ್ಣಿಗೆ ಸೇರಿಸುತ್ತವೆ. ಕೆಲವು ನೀರಿನ ಜಾತಿಗಳು ಸಣ್ಣ ಹುಳುಗಳನ್ನು ಬೇಟೆಯಾಡುತ್ತವೆ. ಬೆಳೆದ ಮೇಲೆ ಮಣ್ಣಿನಲ್ಲೇ ಕೋಶವಾಗಿ, ಕಡೆಗೆ ಆ ಕೋಶ ಅರ್ಧ ಮೇಲೆ ಬಂದು ನಿಲ್ಲುತ್ತದೆ, ಅದನ್ನು ಸೀಳಿಕೊಂಡು ಉದ್ದ ಕಾಲಿನ ನೊಣ ಹೊರಬರುತ್ತದೆ. ಖಾಲಿ ಸಿಪ್ಪೆ ಮಣ್ಣಿನಲ್ಲಿ ನೆಟ್ಟಗೆ ನಿಂತಿದ್ದರೆ ಇದರದ್ದೇ ಇರಬಹುದು.

ತಂಟೆಯೇ ಇಲ್ಲ ಅಂತಲೂ ಹೇಳಲಾರೆ. ಯೂರೋಪಿನ ಕೆಲವು ಜಾತಿಗಳ ಮರಿಗಳು ಹುಲ್ಲಿನ ಬೇರು ಕಡಿದು ಹುಲ್ಲುಗಾವಲು ಹಾಳು ಮಾಡುತ್ತವೆ. ಕ್ರಿಕೆಟ್ಟಿನ ಹುಚ್ಚಿರುವ ನಿಮ್ಮ ಮನೆಯವರಿಗೆ ಒಂದು ಪ್ರಶ್ನೆ ಕೇಳಿ ನೋಡಿ: 1935ರಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದ ಹುಲ್ಲನ್ನು ಬೋಳು ಮಾಡಿದ್ದು ಯಾರು? ಈ ತೊಗಲಂಗಿ ಹುಳುಗಳು! ಆ ವರ್ಷ ಅದೇ ಮೈದಾನದಲ್ಲಿ ದಕ್ಷಿಣ ಆಫ್ರಿಕಾದವರು ಇಂಗ್ಲೆಂಡ್ ನೆಲದ ಮೇಲೆ ತಮ್ಮ ಮೊದಲ ಟೆಸ್ಟ್ ಗೆದ್ದರು. ಜಪಾನಿನಲ್ಲಿ ಒಂದು ಜಾತಿ ಭತ್ತದ ಸಸಿಮಡಿಗೆ ಕಾಟ ಕೊಡುತ್ತದೆ. ನಮ್ಮ ಹಿತ್ತಲ ಬಾಳೆಗೆ, ದಾಸವಾಳಕ್ಕೆ ಇದರಿಂದ ಏನೂ ಕೇಡಾದದ್ದು ನಾನು ಕಂಡಿಲ್ಲ. ಕುಂಡದಲ್ಲಿ ಹೆಚ್ಚಾದವು ಅನಿಸಿದರೆ ನೀರು ಹಾಕುವುದನ್ನು ಕಡಿಮೆ ಮಾಡಿ, ಮಣ್ಣು ಸಡಿಲಿಸಿ ಬೆಳಗಿನ ಹೊತ್ತು ಬಿಟ್ಟುಬಿಡಿ. ಗೊರವಂಕಗಳು ಬಂದು ಆರಿಸಿಕೊಂಡು ಹೋಗುತ್ತವೆ. ಹಕ್ಕಿ, ಕಪ್ಪೆ, ಹಲ್ಲಿ, ಜೇಡ, ಬಾವಲಿ, ಎಲ್ಲಕ್ಕೂ ಇದು ಮೃಷ್ಟಾನ್ನ.

ಜೇಡ ಅಂದಾಗ ನೆನಪಾಯಿತು. ಈ ಕುಲದ ಕೆಲವು ಸಣ್ಣ ಜಾತಿಗಳು ಜೇಡನ ಎಳೆಗೇ ಕಾಲು ಸಿಕ್ಕಿಸಿಕೊಂಡು ಉಯ್ಯಾಲೆಯಾಡುತ್ತಾ ವಿಶ್ರಾಂತಿ ತೆಗೆದುಕೊಳ್ಳುತ್ತವೆ, ಅಂಟಿಕೊಳ್ಳುವುದೇ ಇಲ್ಲ. ವೈರಿಯ ಮನೆಯ ಜೋಕಾಲಿಯಲ್ಲಿ ತೂಗಿಕೊಳ್ಳುವ ಧೈರ್ಯ ನೋಡಿ!

ಒಂದು ದಂಪತಿಯ ಕಥೆ

ಪ್ರಪಂಚದಲ್ಲಿ ಈ ಬಳಗದ 15,000ಕ್ಕೂ ಹೆಚ್ಚು ಜಾತಿಗಳನ್ನು ಹೆಸರಿಟ್ಟು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಬಹುಪಾಲು, ಸುಮಾರು 11,000, ಒಬ್ಬರೇ ವಿಜ್ಞಾನಿ ವರ್ಣಿಸಿದ್ದು ಅಂದರೆ ನಂಬುತ್ತೀರಾ? ಅಮೆರಿಕದ ಮ್ಯಾಸಚೂಸೆಟ್ಸಿನ ಚಾರ್ಲ್ಸ್ ಪಾಲ್ ಅಲೆಕ್ಸಾಂಡರ್ ಎಂಬವರು, ಹುಟ್ಟಿದ್ದು 1889ರಲ್ಲಿ. ಜೀವಮಾನವಿಡೀ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಮೂರು ದಿನಕ್ಕೊಂದು ಹೊಸ ಜಾತಿ. ಆದರೆ ಒಬ್ಬರೇ ಅನ್ನುವುದು ಪೂರ್ತಿ ಸರಿಯಲ್ಲ. 1917ರಲ್ಲಿ ಅವರನ್ನು ಮದುವೆಯಾದ ಮೇಬಲ್ ಎಂಬ ಹೆಣ್ಣುಮಗಳು ಅರವತ್ತು ವರ್ಷಕ್ಕೂ ಮೀರಿ ಜೊತೆ ನಿಂತು ಕೀಟ ಹಿಡಿದರು, ಬರವಣಿಗೆಯ ಕೆಲಸಕ್ಕೆ ಕೈ ಜೋಡಿಸಿದರು. ಗಂಡ ಅನೇಕ ಜಾತಿಗಳಿಗೆ ಹೆಂಡತಿಯ ಹೆಸರನ್ನೇ ಇಟ್ಟರು. ಒಡವೆ ಕೊಡಿಸುವ ಗಂಡಂದಿರನ್ನು ಕಂಡಿದ್ದೇವೆ, ನೊಣಕ್ಕೆ ಹೆಂಡತಿಯ ಹೆಸರಿಟ್ಟವರನ್ನು ಕಂಡಿರಲಿಲ್ಲ. ಮೇಬಲ್ 1979ರಲ್ಲಿ ತೀರಿಕೊಂಡರು, ಅವರು 1981ರಲ್ಲಿ. ನಮ್ಮ ದಕ್ಷಿಣ ಭಾರತದ ಕೊಕ್ಕರೆ ನೊಣಗಳೂ ಅವರ ಮೇಜಿಗೆ ಹೋದವು. ಪಿ. ಸುಸೈ ನಾಥನ್ ಎಂಬ ಸಂಗ್ರಾಹಕರು ಇಲ್ಲಿನ ಬೆಟ್ಟಗಾಡುಗಳಲ್ಲಿ ಹಿಡಿದು ಕಳಿಸಿಕೊಡುತ್ತಿದ್ದರು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಐದು ನಿಮಿಷ ತೆಗೆದುಕೊಂಡದ್ದು ಇದಕ್ಕಾಗಿಯೇ. ಉದ್ದ ಕಾಲಿನ ಈ ಬಡಪಾಯಿಯ ಮೇಲೆ ಔಷಧಿ ಸಿಂಪಡಿಸಿ, ಬಚ್ಚಲೆಲ್ಲಾ ಘಾಟು ಎಬ್ಬಿಸಿ, "ಸೊಳ್ಳೆ ಸತ್ತಿತು" ಅಂತ ಸಮಾಧಾನ ಪಟ್ಟುಕೊಳ್ಳುತ್ತೇವಲ್ಲ, ಅದೇ ಬಚ್ಚಲಿನ ಡ್ರಮ್ಮಿನ ನೀರಿನಲ್ಲಿ ಅಸಲಿ ಸೊಳ್ಳೆಯ ಮರಿಗಳು ಬಾಲ ಕುಣಿಸುತ್ತಾ ಇರುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹೆದರಬೇಕಾದದ್ದು ಈಡಿಸ್ ಸೊಳ್ಳೆಗೆ. ಅಕ್ಕಿಕಾಳಿಗಿಂತ ದೊಡ್ಡದಲ್ಲ. ಕರಿ ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಕಚ್ಚುವುದು ಹಗಲು ಹೊತ್ತು, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಮುಳುಗುವ ಮುಂಚೆ. ಮಕ್ಕಳು ಶಾಲೆಗೆ ಹೊರಡುವ ವೇಳೆ, ಶಾಲೆಯಿಂದ ಬಂದು ಕೂತು ಮಂಡಕ್ಕಿ ತಿನ್ನುವ ವೇಳೆ. ಡೆಂಗಿ, ಚಿಕುನ್‌ಗುನ್ಯ ಎರಡನ್ನೂ ಹೊತ್ತು ತರುವುದು ಇದೇ. ಚರಂಡಿ ನೀರಿಗಿಂತ ಇದಕ್ಕೆ ನಮ್ಮ ಹಾಗೆ ತಿಳಿನೀರೇ ಇಷ್ಟ! ನಲ್ಲಿ ನೀರು ದಿನಾ ಬಾರದ ಮನೆಗಳಲ್ಲಿ ನಾವು ಡ್ರಮ್ಮು, ಹಂಡೆ, ಸಂಪು, ಕೊಳಗ ಅಂತ ಸಿಕ್ಕಿದ್ದರಲ್ಲೆಲ್ಲಾ ನೀರು ತುಂಬಿಡುತ್ತೇವೆ. ಅವೆಲ್ಲಾ ಇದರ ಬಾಣಂತಿ ಮನೆಗಳು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು.

ಇನ್ನೊಂದು ಗುಟ್ಟು ಕೇಳಿ. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ನೀರು ಚೆಲ್ಲಿ ಒಣಗಿಸಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತಾಗಿದೊಡನೆ ಒಡೆಯುತ್ತದೆ. ಆದ್ದರಿಂದ ಬರೀ ಚೆಲ್ಲಿದರೆ ಸಾಲದು. ವಾರಕ್ಕೊಂದು ದಿನ ನೀರು ಪೂರಾ ಖಾಲಿ ಮಾಡಿ, ತೆಂಗಿನ ನಾರಿನಿಂದ ಒಳಗೋಡೆಯನ್ನು ಗಸಗಸ ತಿಕ್ಕಿ, ಒಣಗಿಸಿ, ಆಮೇಲೆ ತುಂಬಿ ಮುಚ್ಚಿಡಿ. ಮುಚ್ಚಳವಿಲ್ಲದ ಡ್ರಮ್ಮಿಗೆ ಹಳೆ ಪಂಚೆಯನ್ನು ಬಿಗಿಯಾಗಿ ಕಟ್ಟಿದರೂ ಆದೀತು. ನಮ್ಮ ಮನೆಯಲ್ಲಿ ಶುಕ್ರವಾರ ಹೊಸ್ತಿಲು ತೊಳೆಯುವ ದಿನವೇ ಡ್ರಮ್ಮಿನ ಸರದಿಯೂ. ದಿನ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಫ್ರಿಜ್ಜಿನ ಹಿಂದಿನ ತಟ್ಟೆ, ಕುಂಡದ ಕೆಳಗಿನ ಬಟ್ಟಲು, ಮಾಳಿಗೆಯ ಮೇಲೆ ಎಸೆದ ಟೈರು, ತೆಂಗಿನ ಚಿಪ್ಪು, ಹಕ್ಕಿಗೆ ಇಟ್ಟ ನೀರಿನ ತಟ್ಟೆ, ಇವನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಇದೇನು ಹೊಸ ವಿದ್ಯೆಯಲ್ಲ. ಮಲೇರಿಯಾ ಸೊಳ್ಳೆಯ ಗುಟ್ಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಬಯಲಿಗೆಳೆದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ, 1883ರಲ್ಲಿ, ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆ ವಿಪರೀತ ಎಂದು ಹುಡುಕಿದಾಗ ಹತ್ತಿರದಲ್ಲೇ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕಂಡವು. ತೊಟ್ಟಿ ಬೋರಲು ಹಾಕಿಸಿದರು, ಸೊಳ್ಳೆ ಕಡಿಮೆಯಾದವು. ನೂರ ನಲವತ್ತು ವರ್ಷ ದಾಟಿದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಡೆಂಗಿ ಮಿತಿಮೀರಿದಾಗ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಂಗಳದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತರಬೇಕಾಯಿತು. ಮನೆಯ ನೀರು ಯಾವ ಪಾತ್ರೆಯಲ್ಲಿ ಎಷ್ಟು ದಿನದಿಂದ ನಿಂತಿದೆ ಅಂತ ಗೊತ್ತಿರುವುದು ಗಂಡಸರಿಗಲ್ಲ, ನಮಗೆ. ಹಾಗಂತ ತಿಕ್ಕುವ ಕೆಲಸ ನಮ್ಮೊಬ್ಬರದೇ ಆಗಬೇಕಿಲ್ಲ. ಚಪ್ಪಲಿ ಹಿಡಿದು ಕೊಕ್ಕರೆ ನೊಣದ ಹಿಂದೆ ಓಡುವ ಯಜಮಾನರ ಕೈಗೆ ನಾರು ಕೊಡಿ, ಡ್ರಮ್ಮು ತೋರಿಸಿ.

ಮಳೆಗಾಲದಲ್ಲಿ ಮಗುವಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ಮನೆಮದ್ದು ಅಂತ ಕಾಲ ಕಳೆಯದೆ ಡಾಕ್ಟರಿಗೆ ತೋರಿಸಿ. ಡೆಂಗಿಯ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನೀವಾಗಿ ಕೊಡಬೇಡಿ, ರಕ್ತಸ್ರಾವದ ಅಪಾಯವಿದೆ. ಜ್ವರ ಇಳಿಯುವ ಹೊತ್ತಿನಲ್ಲಿ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಇನ್ನು ಬಚ್ಚಲಿನ ಅತಿಥಿಯನ್ನು ಹೊರಗೆ ಕಳಿಸುವ ಬಗೆ. ಕೈಯಿಂದ ಹಿಡಿದರೆ ಕಾಲು ಕಳಚುತ್ತದೆ, ಬೇಡ. ಅಗಲ ಬಾಯಿಯ ಲೋಟವನ್ನು ಮೆಲ್ಲಗೆ ಅದರ ಮೇಲೆ ಕವುಚಿ, ಹಳೆಯ ಮದುವೆ ಕಾಗದವನ್ನು ಗೋಡೆಗೂ ಲೋಟಕ್ಕೂ ನಡುವೆ ಜಾರಿಸಿ, ಹಾಗೇ ಎತ್ತಿಕೊಂಡು ಹೋಗಿ ಬಾಳೆಯ ಬುಡದಲ್ಲಿ ಬಿಡಿ. ಇಲ್ಲವೇ ಒಳಗಿನ ದೀಪ ಆರಿಸಿ ಹಿತ್ತಲ ದೀಪ ಹಾಕಿ, ಬಾಗಿಲು ತೆರೆದಿಟ್ಟರೆ ಬೆಳಕು ಹುಡುಕಿಕೊಂಡು ತಾನಾಗಿಯೇ ಹೋಗುತ್ತದೆ. ಸೊಳ್ಳೆ ಒಳಗೆ ಬರುವ ಸಂಜೆ ಹೊತ್ತಿನಲ್ಲಿ ಮಾತ್ರ ಬಾಗಿಲು ತೆರೆದಿಡಬೇಡಿ, ಲೋಟದ ಉಪಾಯವೇ ಮೇಲು. ಲೋಟವನ್ನು ಆಮೇಲೆ ಬಿಸಿನೀರಲ್ಲಿ ತೊಳೆದಿಟ್ಟರೆ ಆಯಿತು.